ಸಸಿ ನೆಟ್ಟರೆ ಕಲ್ಲಿದ್ದಲಿನ ಲೆಕ್ಕ ಚುಕ್ತಾ ಆಗುತ್ತಾ?

ಪ್ರತಿ ಜೂನ್ 5ಕ್ಕೆ ಒಂದು ಸಸಿ, ಹತ್ತು ಕೈ, ಇಪ್ಪತ್ತು ಕ್ಯಾಮೆರಾ. ಗಿಡ ನೆಡೋದು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅದನ್ನೇ ಕಲ್ಲಿದ್ದಲಿಗೆ ಪರಿಹಾರ ಎಂದು ತೋರಿಸುವ ರಾಜಕೀಯದ ಬಗ್ಗೆ ನನ್ನ ತಕರಾರಿದೆ.

ಇಂಗಾಲ ಎರಡು ದಾರಿಯಲ್ಲಿ ಓಡಾಡುತ್ತೆ. ಒಂದು ವೇಗದ್ದು: ಎಲೆ ಗಾಳಿಯಿಂದ ಇಂಗಾಲ ಹೀರುತ್ತೆ, ಅದು ಉದುರಿ ಕೊಳೆತಾಗ ಬಹುಪಾಲು ಮತ್ತೆ ಗಾಳಿಗೆ. ಇನ್ನೊಂದು ತೀರಾ ನಿಧಾನದ್ದು: ನೆಲದಡಿ ಹೂತು ಕಲ್ಲಿದ್ದಲಾದದ್ದು. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲಿಗೆ 25 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ರಾಯಚೂರಿನ ಶಕ್ತಿನಗರದ ಸ್ಥಾವರ ಸುಡುವುದು ಇದನ್ನೇ. ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಸುಮಾರು 3.67 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಗಾಳಿಯ ಆಮ್ಲಜನಕ ಅದಕ್ಕೆ ಸೇರಿಕೊಳ್ಳುವುದರಿಂದ.

ಮನುಷ್ಯರು ಹೊರಬಿಡುವುದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಾಡು, ಮಣ್ಣು, ಸಮುದ್ರ ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ. ಹಾಗಾಗಿಯೇ ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ.

ನೆಲದಡಿಯಿಂದ ತೆಗೆದದ್ದನ್ನು ಮರದೊಳಗೆ ಇಡುವುದೆಂದರೆ ಲಾಕರಿನ ಚಿನ್ನ ತಂದು ಜಗುಲಿ ಮೇಲೆ ಇಟ್ಟ ಹಾಗೆ. ಒಂದು ಕಾಳ್ಗಿಚ್ಚು, ಒಂದು ಹೆದ್ದಾರಿ ಯೋಜನೆ ಸಾಕು, ಮತ್ತೆ ಗಾಳಿಗೆ.

2030ರೊಳಗೆ ಮರಗಿಡಗಳ ಮೂಲಕ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೆಚ್ಚುವರಿಯಾಗಿ ಹಿಡಿದಿಡುತ್ತೇವೆ ಎಂದು ಭಾರತ ಮಾತು ಕೊಟ್ಟಿದೆ. ಒಳ್ಳೆಯದೇ. ಆದರೆ ಒಂದು ಹೆಕ್ಟೇರ್ ಮೀರಿದ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ನಮ್ಮ ಸರ್ಕಾರಿ ಲೆಕ್ಕದಲ್ಲಿ ಅದು ‘ಅರಣ್ಯ ಹೊದಿಕೆ’. ಕೊಡಗಿನ ಕಾಫಿ ತೋಟವೂ ಅದೇ, ನೀಲಗಿರಿ ನೆಡುತೋಪೂ ಅದೇ. ಹಳೆಯ ಕಾಡು ಮಣ್ಣಿನಲ್ಲಿ ಕೂಡಿಟ್ಟ ಇಂಗಾಲ ಕಡಿದ ಮೇಲೆ ಸೋರಿಹೋಗುತ್ತೆ. ಬದಲಿಗೆ ನೆಟ್ಟ ಸಸಿ ಅದನ್ನು ತುಂಬಿಕೊಡಲು ದಶಕಗಳೇ ಬೇಕು. ಅಂಕಿಸಂಖ್ಯೆ ಮಾತ್ರ ಹಸಿರಾಗೇ ಇರುತ್ತೆ.

ನಾಳೆಯೇ ಶಕ್ತಿನಗರಕ್ಕೆ ಬೀಗ ಹಾಕಿ ಅನ್ನುವುದೂ ಸುಲಭದ ಮಾತೇ. ಅಲ್ಲಿನ ಗುತ್ತಿಗೆ ಕಾರ್ಮಿಕರ ಮನೆ ಒಲೆ ಉರಿಯಬೇಕಲ್ಲ? ಅದಕ್ಕೇ ಮತ ಕೇಳಲು ಬಂದವರಿಗೆ ಎಷ್ಟು ಸಸಿ ನೆಟ್ಟಿರಿ ಅಂತ ಕೇಳಬೇಡಿ. 1985ರಲ್ಲಿ ಶುರುವಾದ ಆ ಸ್ಥಾವರದ ಯಾವ ಘಟಕ ಯಾವ ವರ್ಷ ನಿಲ್ಲುತ್ತೆ, ಆಗ ಕರೆಂಟು ಎಲ್ಲಿಂದ, ಕೆಲಸ ಯಾರಿಗೆ ಅಂತ ಕೇಳಿ.