ಏಳು ಹೆಸರು ಹನ್ನೊಂದಾದರೆ ಸಾಕೇ?



ನಮ್ಮ ಹರವೆ ಸೀಮೆಯ ಒಂದು ಗ್ರಾಮಸಭೆಯಲ್ಲಿ ಈಚೆಗೆ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಹೊಸದಾಗಿ ರಚಿಸುವ ಮಾತು ಬಂತು. ಅರ್ಧ ಗಂಟೆ ಜಗಳ ನಡೆಯಿತು. ಯಾವ ಪಕ್ಷಕ್ಕೆ ಎಷ್ಟು ಜನ, ಯಾವ ಬೀದಿಗೆ ಎಷ್ಟು ಜನ, ಅಧ್ಯಕ್ಷಗಿರಿ ಯಾರಿಗೆ ಎಂಬುದಷ್ಟೇ ಜಗಳ. ಕೆರೆ, ಗೋಮಾಳ, ಗುಂಡುತೋಪು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಹಳೆಯ ಸಮಿತಿಯ ಪಟ್ಟಿ ಓದಿದಾಗ ಅದರಲ್ಲಿ ನನ್ನ ಚಿಕ್ಕವ್ವನ ಹೆಸರು ಕೇಳಿಸಿತು. ಮನೆಗೆ ಹೋಗಿ ವಿಚಾರಿಸಿದೆ. “ಅದ್ಯಾವ ಸಮಿತಿ ಮಗಾ? ಸಾಲದ ಕಾಗದ ಏನಾರ ಆಗಿದ್ದದಾ?” ಎಂದು ಹೆದರಿದರು. ನಾಲ್ಕು ವರ್ಷದಿಂದ ಸದಸ್ಯೆಯಾಗಿದ್ದವರಿಗೆ ತಾನು ಸದಸ್ಯೆ ಎಂಬುದೇ ತಿಳಿದಿರಲಿಲ್ಲ. ಅವರ ಹೆಸರು ಬರೆಸಿದ್ದವರು ನಮ್ಮ ಮನೆಯವರೇ. ಆದ್ದರಿಂದ ನಾನು ಬೇರೆಯವರ ಕಡೆ ಬೆರಳು ತೋರಿಸುತ್ತಿಲ್ಲ; ನಮ್ಮ ಮನೆಯಿಂದಲೇ ಮಾತು ಶುರು ಮಾಡುತ್ತಿದ್ದೇನೆ.

ಈ ಸಮಿತಿ ಸಾಮಾನ್ಯವಾದದ್ದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಇದನ್ನು ರಚಿಸಲೇಬೇಕು. ಊರಿನ ಗಿಡಮರ, ನಾಟಿ ತಳಿ, ದನಕರುಗಳ ತಳಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಇವೆಲ್ಲವನ್ನೂ ‘ಜನತಾ ಜೀವವೈವಿಧ್ಯ ದಾಖಲಾತಿ’ಯಲ್ಲಿ ಬರೆದಿಡುವುದು ಅದರ ಮುಖ್ಯ ಕೆಲಸ. ನಮ್ಮ ನೆಲದ ಜೀವಸಂಪತ್ತಿನ ಬಳಕೆಯ ಬಗ್ಗೆ ತೀರ್ಮಾನಿಸುವಾಗ ರಾಷ್ಟ್ರೀಯ ಪ್ರಾಧಿಕಾರವೂ ರಾಜ್ಯ ಮಂಡಳಿಯೂ ಈ ಸಮಿತಿಯ ಸಲಹೆ ಕೇಳಬೇಕು. ವ್ಯಾಪಾರಕ್ಕೆಂದು ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಹಕ್ಕೂ ಸಮಿತಿಗಿದೆ.

2004ರ ನಿಯಮದಂತೆ ಅಧ್ಯಕ್ಷರ ಜೊತೆಗೆ ಆರು ಜನ ಸದಸ್ಯರು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಶೇ. 18ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡದವರು. ಹದಿನೈದು ವರ್ಷ ಹೆಚ್ಚಿನ ಕಡೆ ಇದು ಯಾರಿಗೂ ನೆನಪಾಗಲಿಲ್ಲ. ಸಮಿತಿ ಮತ್ತು ದಾಖಲಾತಿ ಮುಗಿಸದ ರಾಜ್ಯಗಳು 2020ರ ಫೆಬ್ರವರಿಯಿಂದ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಓಡಾಟ ಶುರುವಾಯಿತು. ದಂಡಕ್ಕೆ ಹೆದರಿ ಮಾಡಿದ ಕೆಲಸಕ್ಕೆ ಜೀವ ಎಲ್ಲಿಂದ ಬರಬೇಕು?

ಈಗ 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸದಸ್ಯರು ಏಳಕ್ಕೆ ಕಡಿಮೆಯಿರಬಾರದು, ಹನ್ನೊಂದನ್ನು ಮೀರಬಾರದು. ಯಾರಿರಬೇಕೆಂಬುದನ್ನು ರಾಜ್ಯ ಸರ್ಕಾರ ಗೊತ್ತುಮಾಡಬೇಕು. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಎಷ್ಟು ಜನ ಎಂಬುದಲ್ಲ, ಯಾರು ಎಂಬುದು.

ಈ ಪ್ರಶ್ನೆಗೆ ಲಿಂಗಾಯತರಾದ ನಮಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಕುಳಿತವರನ್ನು ಒಮ್ಮೆ ನೆನೆಯಿರಿ. ಬಿದಿರಿನ ಕಾಯಕದ ಮೇದಾರ ಕೇತಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಹೊರುವ ಮೋಳಿಗೆಯ ಮಾರಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಮದ್ದು ಕೊಡುವ ವೈದ್ಯ ಸಂಗಣ್ಣ, ಬಿದ್ದ ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ. ಕಾಡು, ಹುಲ್ಲು, ನೀರು, ಬೇರು, ಕಾಳು ಇವುಗಳೊಡನೆ ದಿನವೂ ಕೈಯಾಡಿಸಿದ ಜನ ಇವರು. ಬಸವಣ್ಣನವರು ಇವರನ್ನು ಪಟ್ಟಿ ತುಂಬಿಸಲು ಕರೆಯಲಿಲ್ಲ, ಮಾತಾಡಲು ಕರೆದರು. ಆ ಮಂಟಪದ ಚಿತ್ರವನ್ನು ಗೋಡೆಗೆ ಹಾಕಿಕೊಂಡಿರುವ ನಾವು, ನಮ್ಮವರೇ ಹೆಚ್ಚಿರುವ ಊರುಗಳಲ್ಲಿ ಮಾಡುತ್ತಿರುವುದೇನು? ಗಟ್ಟಿ ಕುಳಗಳು ಕುರ್ಚಿ ಹಿಡಿಯುತ್ತಾರೆ. ಹೆಂಗಸರ ಹೆಸರು, ದಲಿತರ ಹೆಸರು ಕಾಗದದಲ್ಲಿರುತ್ತದೆ. ಬಾಯಲ್ಲಿ ಬಸವಣ್ಣ, ಕೈಯಲ್ಲಿ ಜಾತಿಯ ಲೆಕ್ಕ. ಇದು ಶರಣರಿಗೆ ಮಾಡುವ ಅವಮಾನವಲ್ಲವೇ?

“ಇದಕ್ಕೆ ಓದಿದವರು, ಪರಿಣತರು ಬೇಕು, ಹಳ್ಳಿ ಹೆಂಗಸರಿಗೆ ಏನು ಗೊತ್ತು?” ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಪರಿಣತರು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ಪಂಚಾಯಿತಿಯ ದಾಖಲಾತಿಯನ್ನು ಬೀರುವಿನಿಂದ ತೆಗೆಸಿ ನೋಡಿದೆ. ಮಳೆ ಕಂಡರೆ ಹಬ್ಬ ಮಾಡುವ ನಮ್ಮ ಒಣ ಭೂಮಿಯ ಪುಸ್ತಕದಲ್ಲಿ ಮಲೆನಾಡಿನ ಮರಗಳ ಹೆಸರಿತ್ತು! ಚಿಕ್ಕವ್ವ ಬೆರಕೆ ಸೊಪ್ಪಿಗೆ ಕೀಳುವ ಅಣ್ಣೆ, ಗಣಿಕೆ, ಹೊನಗೊನ್ನೆ ಒಂದೂ ಇರಲಿಲ್ಲ. ಬಾಳೆ, ಅರಿಶಿನದ ಹೊಲಗಳಿಗೆ ಕಳೆನಾಶಕ ಹೊಡೆಯಲು ಶುರುವಾದ ಮೇಲೆ ಯಾವ ಸೊಪ್ಪು ಮೊದಲು ಕಾಣೆಯಾಯಿತು, ಯಾವುದು ಬದುವಿನಲ್ಲಷ್ಟೇ ಉಳಿಯಿತು ಎಂಬುದನ್ನು ಅವರು ಬೆರಳು ಮಡಿಸಿ ಹೇಳುತ್ತಾರೆ. ಈಗ ಹೇಳಿ, ಪರಿಣತರು ಯಾರು?

“ಈ ಸಮಿತಿಗೆ ಕ್ವಾರಿ ನಿಲ್ಲಿಸುವ ಅಧಿಕಾರವಿಲ್ಲ, ಇದರಿಂದೇನು ಪ್ರಯೋಜನ?” ಎನ್ನುವವರೂ ಇದ್ದಾರೆ. ಇಲ್ಲ, ನಿಜ. ಆದರೆ 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡ ಕುಸಿದು ಕೂಲಿಕಾರರು ಸತ್ತದ್ದನ್ನು ನಾವು ಮರೆಯಬಾರದು. ಗುಡ್ಡದಲ್ಲಿ ಏನಿದೆ, ಯಾರ ಬದುಕು ಅದಕ್ಕೆ ಅಂಟಿಕೊಂಡಿದೆ ಎಂಬ ದಾಖಲೆ ಊರಿನ ಕೈಯಲ್ಲಿದ್ದರೆ ಆಕ್ಷೇಪಣೆಗೆ ಆಧಾರವಿರುತ್ತದೆ. ಇಲ್ಲದಿದ್ದರೆ ಬರಿಯ ಕೂಗು.

ಇನ್ನೊಂದು ನೋವಿನ ಸಂಗತಿ. 2025ರ ಜೂನ್‌ನಲ್ಲಿ ಮಾದಪ್ಪನ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ನೆಲದಲ್ಲಿ! ವಿಷವಿಟ್ಟದ್ದು ಪಾಪ, ಅದಕ್ಕೆ ಸಮಜಾಯಿಷಿ ಇಲ್ಲ. ಅದಾದ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಿ ಎಂಬ ಸೂಚನೆ ಹೊರಟಿತು. ದನ ಕಳೆದುಕೊಂಡವನ ಸಿಟ್ಟನ್ನು ಮೊದಲೇ ಕೇಳುವ, ಪರಿಹಾರ ತಡವಾದಾಗ ದನಿ ಎತ್ತುವ, ಅರಣ್ಯ ಇಲಾಖೆಯ ಜೊತೆ ಕುಳಿತು ಮಾತಾಡುವ ಒಂದು ಜಾಗ ಪ್ರತಿ ಊರಿನಲ್ಲೂ ಬೇಕು. ತುರುಗಾಹಿ ರಾಮಣ್ಣನಿಗೆ ಸಿಕ್ಕ ಜಾಗ ಅದು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಹನ್ನೊಂದು ಹೆಸರನ್ನೂ ತುಂಬಿದ ಗ್ರಾಮಸಭೆಯಲ್ಲಿ, ಆ ವ್ಯಕ್ತಿಗಳ ಎದುರಿನಲ್ಲೇ, ಅವರ ಒಪ್ಪಿಗೆ ಪಡೆದು ಬರೆಯಬೇಕು. ದನ ಕುರಿ ಕಾಯುವವರು, ಬಿತ್ತನೆ ಬೀಜ ಉಳಿಸಿದ ಹೆಂಗಸರು, ನಾಟಿ ವೈದ್ಯರು, ಮೀನು ಹಿಡಿಯುವವರು, ಕಾಡಂಚಿನಲ್ಲಿ ಸೋಲಿಗರು, ಇವರಿಗೆ ಮೊದಲು ಜಾಗ. ರಾಜ್ಯ ಸರ್ಕಾರದ ನಿಯಮದಲ್ಲಿ ಮಹಿಳೆಯರ, ಪರಿಶಿಷ್ಟರ ಪಾಲು ಒಂದಿಷ್ಟೂ ಕಡಿಮೆಯಾಗಕೂಡದು.

ಮಠಗಳಿಗೂ ಒಂದು ಮಾತು. ಮಠದ ತೋಪು, ಕೊಳ, ಹೊಲಗಳೂ ಈ ದಾಖಲಾತಿಗೆ ಸೇರಲಿ. ನಮ್ಮದನ್ನು ಬಚ್ಚಿಟ್ಟು ಊರಿಗೆ ಬುದ್ಧಿ ಹೇಳುವುದು ಬೇಡ. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಆ ಪುಸ್ತಕದ ಒಂದು ಪುಟ ಓದಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ದಾಸೋಹದಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ನಮಗೆ, ಸಮಿತಿಯಲ್ಲಿ ಕೂರಿಸುವುದು ಕಷ್ಟವಾಗಬಾರದು.

ಮುಂದಿನ ಸಭೆಗೆ ನಾನು ಚಿಕ್ಕವ್ವನನ್ನು ಕರೆದುಕೊಂಡು ಹೋಗುತ್ತೇನೆ. ಹೆಸರು ಇರಲಿ, ಬಿಡಲಿ. ಈ ಸಲ ಅವರೇ ಮಾತಾಡಲಿ.