ಟೂಲ್‌ಬಾಕ್ಸ್‌ನಲ್ಲಿ ಕಾಣದ ವೆಬ್‌ವ್ಯೂ ಮತ್ತು ನನ್ನ ಪಾಠಯೋಜನೆ

ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯ ಲ್ಯಾಬಿನಲ್ಲಿ ಉಬುಂಟು ಹಾಕಿದ ಆರು ಕಂಪ್ಯೂಟರ್‌ಗಳಿದ್ದವು, ಇಂಟರ್ನೆಟ್ ಇರಲಿಲ್ಲ. ನನಗೆ ಸಿಕ್ಕಿದ್ದು 9ನೇ ತರಗತಿಯ ಪರಮಾಣುವಿನ ರಚನೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಂಡದ ‘ಬಿಲ್ಡ್ ಆ್ಯನ್ ಆಟಮ್’ ಸಿಮ್ಯುಲೇಷನ್ ಒಂದೇ ಎಚ್‌ಟಿಎಂಎಲ್ ಫೈಲಾಗಿ ಸಿಗುತ್ತದೆ. ನೆಟ್ ಇಲ್ಲದೆಯೂ ನಡೆಯುತ್ತದೆ. ಅದರ ಪಕ್ಕದಲ್ಲೇ ನನ್ನ ಪ್ರಶ್ನೆಗಳು, ಮಕ್ಕಳು ಉತ್ತರ ಬರೆಯುವ ಜಾಗ, ಎಲ್ಲವೂ ಒಂದೇ ವಿಂಡೋದಲ್ಲಿರಲಿ ಎಂದು ಆಸೆಪಟ್ಟೆ.

ಅದಕ್ಕೆ ಆರಿಸಿಕೊಂಡದ್ದು ಗ್ಯಾಂಬಾಸ್. ಲಿನಕ್ಸ್‌ಗಾಗಿ ಬೆನ್ವಾ ಮಿನಿಸಿನಿ ಆರಂಭಿಸಿದ, ಬೇಸಿಕ್ ಮಾದರಿಯ ಭಾಷೆ. ಬಳಸುವವರು ಕಡಿಮೆ, ಕೇಳೋಣವೆಂದರೆ ನಮ್ಮ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಬಿಎಸ್ಸಿಯಲ್ಲಿ ನಾನು ಕಲಿತದ್ದು ಅಷ್ಟಿಷ್ಟು ಸಿ ಮಾತ್ರ.

ವೆಬ್‌ವ್ಯೂ ಎಂಬ ಕಂಟ್ರೋಲನ್ನು ಫಾರ್ಮಿನ ಮೇಲಿಟ್ಟು ಅದರ ಯುಆರ್‌ಎಲ್‌ಗೆ ವಿಳಾಸ ಕೊಟ್ಟರೆ ಮುಗಿಯಿತು ಎಂದು ಓದಿದ್ದೆ. ಆದರೆ ಟೂಲ್‌ಬಾಕ್ಸ್‌ನಲ್ಲಿ ವೆಬ್‌ವ್ಯೂ ಇರಲೇ ಇಲ್ಲ. ಒಂದು ಇಡೀ ರಾತ್ರಿ ಹುಡುಕಿದೆ. ಪ್ರಾಜೆಕ್ಟಿನ ಪ್ರಾಪರ್ಟೀಸ್‌ನಲ್ಲಿ ಕಾಂಪೊನೆಂಟ್‌ಗಳ ಪಟ್ಟಿ ತೆರೆದು ವೆಬ್‌ವ್ಯೂಗೆ ಟಿಕ್ ಹಾಕಿದ ಮೇಲಷ್ಟೇ ಅದು ಕಾಣಿಸಿಕೊಳ್ಳುತ್ತದೆ. ಬಲ್ಲವರಿಗೆ ಅದು ಹೇಳಬೇಕಾದ ಮಾತೇ ಅಲ್ಲ, ಹಾಗಾಗಿ ನಾನು ಓದಿದ ಉದಾಹರಣೆಯಲ್ಲಿ ಇರಲಿಲ್ಲ. ಮರುದಿನ ಫೈಲಿನ ವಿಳಾಸದ ಸರದಿ: ‘ಫೈಲ್’, ಕೋಲನ್, ಆಮೇಲೆ ಮೂರು ಓರೆಗೆರೆ. ನಾನು ಎರಡೇ ಹಾಕಿದ್ದೆ. ಖಾಲಿ ಬಿಳಿ ಪರದೆ ನೋಡುತ್ತ ಕೂತಾಗ, ನಿಜ ಹೇಳುತ್ತೇನೆ, ನಾನು ದಡ್ಡಿ ಎಂದೇ ಅನ್ನಿಸಿತ್ತು.

ಮಾರ್ಗದರ್ಶಕರಾದ ಸರ್ ಕೇಳಿದರು: “ಫೈರ್‌ಫಾಕ್ಸ್ ಇದೆಯಲ್ಲಮ್ಮಾ, ಇನ್ನೊಂದು ಬ್ರೌಸರ್ ಯಾಕೆ?” ಸರಿಯಾದ ಪ್ರಶ್ನೆಯೇ. ಆ ಮೂರು ದಿನದಲ್ಲಿ ಪಾಠದ ಪೀಠಿಕೆಯನ್ನು ಇನ್ನೂ ಚೆನ್ನಾಗಿ ಸಿದ್ಧಪಡಿಸಬಹುದಿತ್ತು, ಅದು ನೀರಸವಾಗಿತ್ತು.

ಆದರೂ ತರಗತಿಯಲ್ಲಿ ಒಂದು ಸಂಗತಿ ನಡೆಯಿತು. ಒಬ್ಬ ಹುಡುಗಿ ಒಂದು ಪ್ರೋಟಾನ್ ಇಟ್ಟು, ಒಂದರ ಮೇಲೊಂದು ಎಲೆಕ್ಟ್ರಾನ್ ಸೇರಿಸುತ್ತಲೇ ಇದ್ದಳು. “ಎಷ್ಟು ಹಾಕಿದ್ರೂ ಹೈಡ್ರೋಜನ್ ಅಂತಾನೇ ತೋರಿಸ್ತಿದೆ. ಕೆಟ್ಟೋಗಿದ್ಯಾ ಮಿಸ್?” ಹಿಂದಿನ ವಾರವಾಗಿದ್ದರೆ “ನಿನ್ನೆ ತಾನೆ ಹೇಳಿದೆನಲ್ಲ” ಅನ್ನುತ್ತಿದ್ದೆ. ಪ್ರೋಟಾನ್ ಸಂಖ್ಯೆಯೇ ಧಾತುವನ್ನು ನಿರ್ಧರಿಸುತ್ತದೆ ಎಂದು ನಾನು ಹೇಳಿದ್ದು ನಿಜ. ಎಲೆಕ್ಟ್ರಾನ್ ನಿರ್ಧರಿಸುವುದಿಲ್ಲ ಎಂದು ಹೇಳಿರಲಿಲ್ಲ. ನನ್ನ ಪಾಲಿಗೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ. “ಹೆಸರು ಬಿಡು, ಬೇರೆ ಏನು ಬದಲಾಗ್ತಿದೆ ನೋಡು” ಎಂದೆ. ಅವಳು ಆವೇಶದ ಅಂಕಿಯನ್ನು ಹುಡುಕಿದಳು. ಅಯಾನಿನ ಮಾತು ಅಲ್ಲಿಂದ ಶುರುವಾಯಿತು. ನಾಲ್ಕು ನಿಮಿಷ ಹೆಚ್ಚು ಹಿಡಿಯಿತು, ಸಮಯ ನಿರ್ವಹಣೆಯಲ್ಲಿ ಅಂಕ ಹೋಯಿತು.

ನಮ್ಮ ಐಸಿಟಿ ಪತ್ರಿಕೆಯಲ್ಲಿ ಸ್ಲೈಡ್ ಮಾಡುವುದು ಬಹುತೇಕರಿಗೆ ಬಂದಿರುವ ವಿದ್ಯೆ. ಅದರ ಬದಲು ಪ್ರತಿ ಪ್ರಶಿಕ್ಷಣಾರ್ಥಿಯೂ ತನಗೆ ಏನೇನೂ ಗೊತ್ತಿಲ್ಲದ ಒಂದು ಸಾಧನದಲ್ಲಿ ಚಿಕ್ಕದೊಂದನ್ನು ಮಾಡಲಿ. ಎಲ್ಲಿ ಸಿಕ್ಕಿಬಿದ್ದೆ, ಯಾರೂ ಹೇಳದೆ ಬಿಟ್ಟ ಹೆಜ್ಜೆ ಯಾವುದು ಎಂದು ರೆಕಾರ್ಡಿನಲ್ಲಿ ಬರೆಯಲಿ. ಅದಕ್ಕೆ ಅಂಕವೂ ಇರಲಿ, ಇಲ್ಲದಿದ್ದರೆ ನಾವು ಬರೆಯುವವರಲ್ಲ. 5ಇ ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆಗೂ ವಿದ್ಯಾರ್ಥಿಯ ಚಟುವಟಿಕೆಗೂ ಅಂಕಣವಿದೆ. ಮಗು ಎಲ್ಲಿ ಎಡವಬಹುದು ಎಂಬುದಕ್ಕೂ ಒಂದು ಅಂಕಣ ಬೇಕು.

ಮುಂದಿನ ತಂಡದವರಿಗೆ ಈ ಪ್ರೋಗ್ರಾಂ ಬೇಕಿದ್ದರೆ ಪೆನ್‌ಡ್ರೈವ್ ತನ್ನಿ. ಟಿಕ್ ಹಾಕುವ ಹೆಜ್ಜೆಯನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.