ಮಡಿಲಲ್ಲಿ ಕೂರದ ಲ್ಯಾಪ್‌ಟಾಪು

ವಾಚಕರಲ್ಲಿ ಒಂದು ಸಂಗತಿಯನ್ನು ಮೊದಲೇ ಅರಿಕೆಮಾಡಿಕೊಳ್ಳಬೇಕು. ಆರು ವಾರಗಳಿಂದ ನಮ್ಮ ಮನೆಯಲ್ಲಿ ಒಂದು ಹೊಸ ಯಂತ್ರ ನೆಲೆಸಿದೆ. ಅದರ ಬೆಲೆ 82,000 ರೂಪಾಯಿ. ತೂಕ ಎರಡೂಕಾಲು ಕಿಲೋಗ್ರಾಂ. ಸಾಲದ ಕಂತುಗಳು 18. ಅಂಗಡಿಯವನು ಅದನ್ನು ‘ಗೇಮಿಂಗ್ ಲ್ಯಾಪ್‌ಟಾಪ್’ ಎಂದು ಕರೆದ. ನಾನು ಮನೆಯಲ್ಲಿ ಅದನ್ನು ‘ಸಂಶೋಧನೆಯ ಯಂತ್ರ’ ಎಂದು ಪರಿಚಯಮಾಡಿಕೊಟ್ಟೆ. ಈ ಎರಡು ಹೆಸರುಗಳ ನಡುವಿನ ಅಂತರವೇ ಈ ವಾರದ ಹರಟೆಗೆ ವಸ್ತು.

ಸಂಶೋಧನೆ ಎಂಬುದು ಪೂರಾ ಸುಳ್ಳೇನಲ್ಲ. ತಾಳೆಗರಿಗಳ ಛಾಯಾಪ್ರತಿಗಳನ್ನು ತೆರೆಯುವಾಗ ನನ್ನ ಹಳೆಯ ಯಂತ್ರ ಏರು ಹತ್ತುವ ಮುದಿ ಎತ್ತಿನಂತೆ ಏದುತ್ತಿತ್ತು. ಹೊಸದು ಬೇಕಾಗಿತ್ತು, ನಿಜ. ಆದರೆ ಆ ಕೆಲಸಕ್ಕೆ ಇದರ ಅರ್ಧ ಬೆಲೆಯದು ಸಾಕಾಗಿತ್ತು ಎಂಬುದೂ ಅಷ್ಟೇ ನಿಜ. “ಇಷ್ಟು ದುಬಾರಿಯದು ಏಕೆ?” ಎಂದು ನನ್ನಾಕೆ ಕೇಳಿದಾಗ, “ಲಿಪಿಯನ್ನು ತಾನೇ ಗುರುತಿಸುವ ತಂತ್ರಾಂಶಗಳು ಬಂದಿವೆ, ಅವಕ್ಕೆ ಶಕ್ತಿವಂತವಾದ ಯಂತ್ರ ಬೇಕು” ಎಂದೆ. ಆಕೆ ಮರುಮಾತಾಡಲಿಲ್ಲ. ಹೆಂಡತಿಯ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಗಂಡಸರ ಪುರಾತನ ಪ್ರಮಾದಗಳಲ್ಲಿ ಒಂದು.

ತಯಾರಕರ ಹೆಸರನ್ನು ಹೇಳುವುದಿಲ್ಲ. ಈ ಅಂಕಣ ಜಾಹೀರಾತಿನ ಗೋಡೆಯಲ್ಲ. ಯಂತ್ರದ ಗುಣಾವಗುಣಗಳನ್ನು ಮಾತ್ರ ನಿವೇದಿಸುತ್ತೇನೆ.

ಸಾಧಾರಣ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡುವುದೂ ಚಿತ್ರ ಬಿಡಿಸುವುದೂ ಹೆಚ್ಚು ಕಡಿಮೆ ಒಂದೇ ಚಿಪ್ಪಿನ ಹೊಣೆ. ಅಡುಗೆಯವನೇ ಬಂದು ಬಡಿಸಬೇಕಾದ ಸಣ್ಣ ಮನೆಯ ಊಟದಂತೆ ಅದು. ಆಟಕ್ಕೆಂದು ಮಾಡಿದ ಯಂತ್ರದಲ್ಲಿ ಚಿತ್ರಕ್ಕೆಂದೇ ಬೇರೊಂದು ಚಿಪ್ಪು ಇರುತ್ತದೆ. ನನ್ನದರಲ್ಲಿ ಇರುವುದು ಎನ್ವಿಡಿಯಾದ ಆರ್‌ಟಿಎಕ್ಸ್ 4050, 2023ರಲ್ಲಿ ಹೊರಬಂದದ್ದು. ಅದಕ್ಕೆ ತನ್ನದೇ ಆದ 6 ಜಿಬಿ ಸ್ಮೃತಿ ಉಂಟು. ಒಳಗೆ 2,560 ಪುಟ್ಟ ಲೆಕ್ಕಿಗರು ಏಕಕಾಲದಲ್ಲಿ ದುಡಿಯುತ್ತಾರೆ. ಮದುವೆಯ ಮನೆಯ ಪಂಕ್ತಿಯಲ್ಲಿ 2,560 ಮಂದಿ ಒಟ್ಟಿಗೇ ಬಡಿಸಲು ನಿಂತರೆ ಎಲೆಗಳು ಎಷ್ಟು ಬೇಗ ತುಂಬಿಯಾವು, ಊಹಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಇದೇ ಹೆಸರಿನ ಚಿಪ್ಪನ್ನು ಒಂದು ಯಂತ್ರದಲ್ಲಿ 35 ವ್ಯಾಟ್‌ಗಳಿಗೆ ಕಟ್ಟಿಹಾಕಿರಬಹುದು. ಇನ್ನೊಂದರಲ್ಲಿ 115 ವ್ಯಾಟ್‌ಗಳವರೆಗೆ ಸಡಿಲ ಬಿಟ್ಟಿರಬಹುದು. ಹೆಸರು ಒಂದೇ, ಹುರುಪು ಬೇರೆ. ಅಂಗಡಿಯಲ್ಲಿ ಹೆಸರನ್ನಷ್ಟೇ ಕೇಳಿ ಬಂದವನು, ಗೋತ್ರವನ್ನಷ್ಟೇ ಕೇಳಿ ಹೆಣ್ಣು ಕೊಟ್ಟ ತಂದೆಯಂತೆ ಆಮೇಲೆ ಪರಿತಪಿಸಬೇಕಾದೀತು. ವ್ಯಾಟ್ ಎಷ್ಟೆಂದು ಕೇಳಿಯೇ ಹಣ ಎಣಿಸಿ.

ಪರದೆಯ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಸಿನಿಮಾ ಪರದೆಯ ಮೇಲೆ ಕ್ಷಣಕ್ಕೆ 24 ಚಿತ್ರಗಳು ಓಡಿದರೆ ನಮ್ಮ ಕಣ್ಣು ಅದನ್ನು ಚಲನೆಯೆಂದು ನಂಬಿಬಿಡುತ್ತದೆ. ಹಳೆಯ ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿತ್ತು. ಇದು 144 ಬಾರಿ ಆಗುತ್ತದೆ. ಮೊದಲ ದಿನ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ವಾರ ಕಳೆದು ಹಳೆಯದನ್ನು ತೆರೆದಾಗ, ಅಕ್ಷರಗಳ ಸಾಲು ಸರಿಯುವುದೇ ಕುಂಟುತ್ತಿರುವಂತೆ ತೋರಿತು. ಸುಖದ ಸ್ವಭಾವವೇ ಇದು: ಬಂದಾಗ ತಿಳಿಯುವುದಿಲ್ಲ, ಹೋದಾಗ ತಿಳಿಯುತ್ತದೆ.

ಇನ್ನು ಅವಗುಣಗಳು. ‘ಲ್ಯಾಪ್’ ಎಂದರೆ ಮಡಿಲು. ಈ ಮಹಾರಾಯ ಮಾತ್ರ ಮಡಿಲಿಗೆ ಬರುವ ಕೂಸಲ್ಲ. ಆಟದ ಭರದಲ್ಲಿ ಅದರ ಅಂತರಂಗ 90 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾಫಿಯ ಪುಡಿಗೆ ನಾವು ಸುರಿಯುವ ನೀರಿನ ಬಿಸಿ ಹೆಚ್ಚು ಕಡಿಮೆ ಅಷ್ಟೆ. ಆ ಕಾವನ್ನು ಹೊರದೂಡಲು ಒಳಗೆ ಎರಡು ಫ್ಯಾನುಗಳಿವೆ. ಅವು ಅಡಿಯಿಂದ ತಣ್ಣನೆಯ ಗಾಳಿಯನ್ನು ಎಳೆದು ಹಿಂದಿನಿಂದ ಬಿಸಿಗಾಳಿಯನ್ನು ಬಿಡುತ್ತವೆ. ಒಂದು ರಾತ್ರಿ ನಾನು ಅದನ್ನು ಮಂಚದ ಮೇಲೆ, ರಜಾಯಿಯ ಮೇಲೆಯೇ ಇಟ್ಟುಕೊಂಡು ಕುಳಿತೆ. ಅಡಿಯ ರಂಧ್ರಗಳು ಮುಚ್ಚಿಹೋದವು. ಯಂತ್ರ ಆರ್ತನಾದ ಮಾಡತೊಡಗಿತು. ಪಕ್ಕದ ಕೋಣೆಯಿಂದ ಅಮ್ಮ, “ಇಷ್ಟು ಹೊತ್ತಿನಲ್ಲಿ ಮಿಕ್ಸಿ ಹಾಕಿರುವವರು ಯಾರೋ?” ಎಂದರು. ಅಂದಿನಿಂದ ಅದಕ್ಕೆ ಮೇಜೇ ಗತಿ. ಹಿಂಬದಿಯನ್ನು ಎರಡು ಅಂಗುಲ ಎತ್ತರಿಸಿ ಇಟ್ಟರೆ ಇನ್ನೂ ಒಳಿತು.

ಅದರ ಅಡಾಪ್ಟರು ಇನ್ನೊಂದು ಪ್ರಕರಣ. ಇಟ್ಟಿಗೆಯ ಮರಿಯಂತಿರುವ ಅದು 200 ವ್ಯಾಟ್ ಒದಗಿಸುತ್ತದೆ. ನಮ್ಮ ನಡುಮನೆಯ ಹಳೆಯ ಸೀಲಿಂಗ್ ಫ್ಯಾನು ಬಳಸುವುದು 75. ಬ್ಯಾಟರಿಯ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ನನ್ನದರ ಸಾಮರ್ಥ್ಯ 60 ವ್ಯಾಟ್-ಗಂಟೆ. ಬರವಣಿಗೆಗೆ 10 ವ್ಯಾಟ್ ಸಾಕು. ಆರು ಗಂಟೆ ನಡೆಯುತ್ತದೆ. ಆಟಕ್ಕೆ 60 ವ್ಯಾಟ್ ಬೇಡಿದರೆ ಒಂದೇ ಗಂಟೆ. ಅಷ್ಟರಲ್ಲೂ ಅದು ಪೂರ್ಣ ವೇಗದಲ್ಲಿ ಓಡದು. ಆಡಬೇಕೆಂದರೆ ಗೋಡೆಯ ಪ್ಲಗ್ಗಿನ ಹತ್ತಿರವೇ ಕೂರಬೇಕು. ಸದಾ ಪ್ಲಗ್ಗಿಗೇ ಕಟ್ಟಿಕೊಂಡಿರುವವರು ಬ್ಯಾಟರಿ ಶೇಕಡ 80ಕ್ಕೆ ತುಂಬಿ ನಿಲ್ಲುವಂತೆ ಏರ್ಪಾಡು ಮಾಡಿಕೊಳ್ಳಬೇಕು. ತುಂಬಿದ ಹೊಟ್ಟೆಯಲ್ಲಿ, ಕಾವಿನ ಪಕ್ಕದಲ್ಲಿ ಕುಳಿತ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಕೀಲಿಮಣೆಯ ಅಡಿಯಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಅಲೆಯಲೆಯಾಗಿ ಹರಿಯುತ್ತವೆ. ಬೆರಳಿಗೆ ಇಷ್ಟು ಬಣ್ಣ ಕೊಟ್ಟ ಪುಣ್ಯಾತ್ಮರು ಒಂದು ‘ಳ’ಕಾರವನ್ನು ಕೊಡಲಿಲ್ಲ. ಕನ್ನಡ ಯೂನಿಕೋಡಿನಲ್ಲಿ ಸೇರಿದ್ದು 1991ರಲ್ಲಿ. ಕೀಲಿಗಳ ಮೇಲೆ ಮಾತ್ರ ನಮ್ಮ ಅಕ್ಷರ ಇನ್ನೂ ಬೆರಳಿನ ನೆನಪಿನಲ್ಲಿಯೇ ಇರಬೇಕಾಗಿದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಕೈಗೆ ಹತ್ತಿದ್ದರಿಂದ ನಾನು ಬಚಾವಾದೆ.

ಈ ಬಣ್ಣಗಳೇ ನನ್ನ ಗುಟ್ಟನ್ನು ಮೊದಲು ಬಿಟ್ಟುಕೊಟ್ಟವು. ತರಗತಿಯಲ್ಲಿ ಒಂದು ಶಾಸನದ ಚಿತ್ರವನ್ನು ತೋರಿಸಲೆಂದು ಯಂತ್ರವನ್ನು ತೆರೆದೆ. ಹಳಗನ್ನಡದ ಗಾಂಭೀರ್ಯದ ನಡುವೆ ಮೇಜು ದೀಪಾವಳಿಯಂತೆ ಝಗಝಗಿಸಿತು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಅತ್ಯಂತ ವಿನಯದಿಂದ, “ಸಾರ್, ಎಷ್ಟು ಎಫ್‌ಪಿಎಸ್ ಬರುತ್ತೆ?” ಎಂದು ಕೇಳಿದ. ವರ್ಷವಿಡೀ ಆತ ಕೇಳಿದ ಮೊದಲ ಪ್ರಶ್ನೆ ಅದು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದು ಅದರ ಅರ್ಥ. ನಾನು ಅರಿಯದವನಂತೆ ಶಾಸನಕ್ಕೆ ಮರಳಿದೆ. ಪಾಠ ಮುಗಿದ ಮೇಲೆ ಅವನೇ ಬಂದು ಯಂತ್ರವನ್ನು ಪರೀಕ್ಷಿಸಿ ಒಂದು ಉಪಕಾರ ಮಾಡಿದ. “ರ‍್ಯಾಮ್ ಒಂದೇ ಪಟ್ಟಿ ಹಾಕಿದ್ದಾರೆ ಸಾರ್. ಒಂಟೆತ್ತಿನ ಗಾಡಿ. ಅದೇ ಅಳತೆಯ ಇನ್ನೊಂದು ಹಾಕಿಸಿ” ಎಂದ. ಹಾಕಿಸಿದೆ. ಜೋಡೆತ್ತು ಕಟ್ಟಿದ ಮೇಲೆ ಗಾಡಿಯ ನಡಿಗೆಯೇ ಬೇರೆಯಾಯಿತು. ಗುರುವಿಗೆ ಶಿಷ್ಯನೇ ತಿರುಮಂತ್ರ ಹೇಳಿದನೆಂದು ತಿಳಿಯಿರಿ.

ಎರಡನೆಯ ಸಲ ಗುಟ್ಟು ಹೊರಬಿದ್ದದ್ದು ಮನೆಯಲ್ಲಿ. ರಾತ್ರಿ ಹನ್ನೊಂದರ ಮೇಲೆ ನಾನು ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದಲ್ಲಿ ಕೋಟೆ ಕಟ್ಟುತ್ತಿದ್ದೆ. ನನ್ನಾಕೆ ಹಿಂದೆ ಬಂದು ನಿಂತಿದ್ದುದು ಗೊತ್ತಾಗಲಿಲ್ಲ.

“ಇದು ಯಾವ ಶತಮಾನದ ತಾಳೆಗರಿ?” ಎಂದಳು.

ಅಧ್ಯಾಪಕನಿಗೆ ಆಪತ್ಕಾಲದಲ್ಲಿ ಇತಿಹಾಸವೇ ಆಸರೆ. ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಮೊರೆಹೊಕ್ಕೆ. “ನಮ್ಮ ಮೈಸೂರಿನ ದೊರೆಯೇ ಆಟಗಳ ದೊಡ್ಡ ಪಂಡಿತರಾಗಿದ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೂ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದು ಆಟಗಳಿಗೆಂದೇ ಇದೆ” ಎಂದು ಒಂದು ಉಪನ್ಯಾಸವನ್ನೇ ಕೊಟ್ಟೆ.

ಆಕೆ ಪೂರ್ತಿ ಕೇಳಿದಳು. “ದೊರೆಗಳು ಆಟವನ್ನು ಆಟವೆಂದೇ ಬರೆದಿಟ್ಟರು. ಸಂಶೋಧನೆ ಎಂದು ರಾಣಿಯರಿಗೆ ಹೇಳಿ ಆಡಲಿಲ್ಲವಲ್ಲ!” ಎಂದಳು. ಸ್ವಲ್ಪ ತಡೆದು, “ಪೆಟ್ಟಿಗೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಗೇಮಿಂಗ್ ಎಂದಿದೆ. ಅದನ್ನು ಓದಲು ಎಂ. ಎ. ಮಾಡಬೇಕಾಗಿಲ್ಲ. ಬೇಡ ಎನ್ನುತ್ತಿರಲಿಲ್ಲ ನಾನು. ಕೇಳುವಿರೋ ಇಲ್ಲವೋ ಎಂದು ನೋಡುತ್ತಿದ್ದೆ” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಫ್ಯಾನು ಮಾತ್ರ ಗುಂಯ್‌ಗುಡುತ್ತಿತ್ತು.

“ಅಷ್ಟಕ್ಕೂ ಒಬ್ಬರೇ ಆಡುತ್ತೀರಲ್ಲ, ಬೇಸರವಾಗುವುದಿಲ್ಲವೆ?” ಎಂದು ಆಕೆ ಕೇಳಿದ್ದು ಎಲ್ಲಕ್ಕಿಂತ ಆಳಕ್ಕೆ ಹೋಯಿತು.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಈ ಆಟದ ಎರಡನೆಯ ಭಾಗ ಬಂದದ್ದು 1999ರಲ್ಲಿ. ಕೆಲವು ವರ್ಷಗಳ ಮೇಲೆ ನಂಜನಗೂಡಿನ ಒಂದು ಸೈಬರ್ ಅಂಗಡಿಯಲ್ಲಿ ನಾನೂ ನನ್ನ ತಮ್ಮನೂ ಗಂಟೆಗೆ 20 ರೂಪಾಯಿ ತೆತ್ತು ಅದನ್ನು ಆಡುತ್ತಿದ್ದೆವು. ಎರಡು ಯಂತ್ರಕ್ಕೆ ಕಾಸಿಲ್ಲ. ಒಂದೇ ಕುರ್ಚಿಯಲ್ಲಿ ಇಬ್ಬರೂ ಒತ್ತಿ ಕೂರುತ್ತಿದ್ದೆವು. ಊರಿಗೆ ಅನ್ನ, ಸೌದೆ, ಹೊನ್ನು, ಕಲ್ಲು ಕೂಡಿಸಬೇಕು; ಆಮೇಲೆ ಕೋಟೆ, ಆಮೇಲೆ ದಂಡು. ಈಗ ತಮ್ಮ ಪುಣೆಯಲ್ಲಿದ್ದಾನೆ. ತಂದೆಯವರು ಹೋದ ಮೇಲೆ ಊರಿನ ಮನೆಯನ್ನು ಮಾರಿದೆವು. ಹಂಚಿಕೆಯ ಲೆಕ್ಕದಲ್ಲಿ ಒಂದೆರಡು ಮಾತು ಹೆಚ್ಚು ಕಡಿಮೆಯಾಯಿತು. ಎರಡು ವರ್ಷದಿಂದ ನಮ್ಮ ನಡುವೆ ಹಬ್ಬದ ಶುಭಾಶಯ, ಅಮ್ಮನ ಔಷಧದ ವಿಚಾರ, ಇಷ್ಟೇ ಉಳಿದಿತ್ತು.

“ಪುಣೆಗೆ ಫೋನು ಮಾಡಿ” ಎಂದಳು ನನ್ನಾಕೆ.

ಮರುದಿನ ಮಾಡಿದೆ. ಯಂತ್ರದ ವರ್ಣನೆಯನ್ನೆಲ್ಲ ಕೇಳಿ ಅವನು ನಕ್ಕ. “ಅಣ್ಣ, ಆ ಆಟಕ್ಕೆ ಇಷ್ಟು ದೊಡ್ಡ ಯಂತ್ರ ಯಾತಕ್ಕೆ? 2019ರಲ್ಲಿ ಅದರ ಹೊಸ ಆವೃತ್ತಿ ಬಂತು. ಅದೂ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಎಲ್ಲ ಸೇರಿದ್ದಾರೆ. ನಾನು ಆಡುತ್ತಲೇ ಇದ್ದೇನಲ್ಲ” ಎಂದ. ಎರಡು ವರ್ಷಗಳಿಂದ ಇಬ್ಬರೂ ಬೇರೆಬೇರೆ ಊರುಗಳಲ್ಲಿ ಒಬ್ಬೊಬ್ಬರೇ ಒಂದೇ ಕೋಟೆಯನ್ನು ಕಟ್ಟಬಹುದಾಗಿತ್ತು, ಒಟ್ಟಿಗೂ ಕಟ್ಟಬಹುದಾಗಿತ್ತು. ಅಡ್ಡಿಯಾಗಿದ್ದುದು ಯಂತ್ರದ ಬಡತನವಲ್ಲ.

“ಹಾಗಾದರೆ ಭಾನುವಾರ ಆಡೋಣವೇನೋ?” ಎಂದೆ.

ಕೊಂಚ ಹೊತ್ತು ಮಾತಿಲ್ಲ. ಆಮೇಲೆ, “ಆಡೋಣ. ಆಗ ನೀನು ಮೌಸನ್ನು ಒಂದು ದಿನವೂ ನನ್ನ ಕೈಗೆ ಕೊಡಲಿಲ್ಲ, ಜ್ಞಾಪಕವಿದೆಯೆ?” ಎಂದ.

ಜ್ಞಾಪಕವಿತ್ತು. ಮನೆಯ ಕಾಗದಪತ್ರಗಳೂ ಕೊನೆಯವರೆಗೆ ನನ್ನ ಕೈಯಲ್ಲಿಯೇ ಇದ್ದವೆಂಬುದೂ ಆ ಕ್ಷಣ ಜ್ಞಾಪಕಕ್ಕೆ ಬಂತು. “ಈಗ ನಿನಗೆ ನಿನ್ನದೇ ಮೌಸು ಇದೆ. ಈ ಸಲ ನೀನು ಹೇಳಿದ ಕಡೆ ನಾನು ಕೋಟೆ ಕಟ್ಟುತ್ತೇನೆ” ಎಂದೆ. ಇಷ್ಟನ್ನು ಹೇಳಲು ನನಗೆ ಎರಡು ವರ್ಷ ಹಿಡಿದಿತ್ತು.

ಈಗ ಕೊಳ್ಳಬಯಸುವವರಿಗೆ ನನ್ನ ಸಲಹೆ ಇಷ್ಟೆ. ಇಂಥ ಯಂತ್ರ ಒಳ್ಳೆಯ ಕೆಲಸಗಾರ, ಆದರೆ ಸದ್ದಿನವನು, ಬಿಸಿಯವನು, ಪ್ಲಗ್ಗು ಬಿಟ್ಟು ದೂರ ಹೋಗದವನು. ಬಸ್ಸಿನಲ್ಲಿ, ಗ್ರಂಥಾಲಯದಲ್ಲಿ ಬಳಸುವವರಿಗೆ ಹಗುರವಾದ ಬೇರೆ ಯಂತ್ರವೇ ಯೋಗ್ಯ. ಭಾರಿ ಚಿತ್ರಗಳ ಹೊಸ ಆಟಗಳನ್ನು ಆಡುವವರು, ಚಲಚ್ಚಿತ್ರ ಸಂಕಲನ ಮಾಡುವವರು ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ಯಾವ ಆಟವನ್ನು ಆಡಬೇಕೆಂದಿದ್ದೀರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಹೆಚ್ಚಿನ ಹಣ ಉಳಿದರೂ ಉಳಿದೀತು. ಯಾರೊಡನೆ ಆಡಬೇಕೆಂದಿದ್ದೀರಿ ಎಂಬುದನ್ನೂ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಮಾತ್ರ ಯಂತ್ರಕ್ಕೆ ಅದರ ನಿಜವಾದ ಹೆಸರನ್ನೇ ಹೇಳಿ. ನಾನು ಹೇಳದಿದ್ದುದಕ್ಕೆ ಹದಿನೆಂಟು ತಿಂಗಳು ಹೊಸ ಪುಸ್ತಕ ಕೊಳ್ಳುವಂತಿಲ್ಲವೆಂದು ತೀರ್ಪಾಗಿದೆ.

ಈಗ ಪ್ರತಿ ಭಾನುವಾರ ರಾತ್ರಿ ಎಂಟರಿಂದ ಒಂಬತ್ತರವರೆಗೆ ಆಟ. ಎರಡು ಸಲ ಸೋತಿದ್ದೇವೆ, ಒಂದು ಸಲ ಗೆದ್ದಿದ್ದೇವೆ. ಅಮ್ಮ ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೇ ಎಳೆದುಕೊಂಡು ಕೂರುತ್ತಾರೆ. ಪರದೆಯ ಮೇಲಿನ ದಂಡಯಾತ್ರೆ ಅವರಿಗೆ ಬೇಕಾಗಿಲ್ಲ. ಹೋದ ವಾರ ಕದನ ಕಾವೇರಿದ ಹೊತ್ತಿನಲ್ಲಿ ನನ್ನ ತೋಳನ್ನು ಮುಟ್ಟಿ, “ಆ ಫ್ಯಾನಿನ ಸದ್ದು ಸ್ವಲ್ಪ ತಗ್ಗಿಸೋ, ಅವನ ಮಾತು ಕೇಳಿಸುತ್ತಿಲ್ಲ” ಎಂದರು.

ತಗ್ಗಿಸಿದೆ. ಈ ಯಂತ್ರದಲ್ಲಿ ಅದಕ್ಕೂ ಒಂದು ಗುಂಡಿ ಉಂಟು. ಅದನ್ನು ಒತ್ತಿದರೆ ಯಂತ್ರ ಅರ್ಧ ಶಕ್ತಿಯಲ್ಲಿ, ಸದ್ದಿಲ್ಲದೆ ನಡೆಯುತ್ತದೆ. ನಮ್ಮ ಆಟಕ್ಕೆ ಅಷ್ಟು ಸಾಕು.